ಕರೆಂಟ್ ಇಲ್ಲದ ಬಾಲಮ್ಮ

ಕಕ್ಕೇರಾದ ಬಾಲಮ್ಮ ಹೆಲಿಕಾಪ್ಟರ್ ಪೈಲಟ್. ಹೌದು, ಇನ್ನೊಮ್ಮೆ ಓದಿಕೊಳ್ಳಿ. ಕಾಲುವೆ ಗೇಟು ಏರಿಸಿ ಇಳಿಸುವ ಮೌನಪ್ಪನ ಮಗಳು. ನಾರಾಯಣಪುರದ ಕ್ವಾರ್ಟರ್ಸಿನಲ್ಲಿ ಬೆಳೆದು, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಾರಲು ಕಲಿತವಳು. ಅಂದು ಅವಳಿಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡ ದೊಡ್ಡವರಲ್ಲಿ, ಕಲಿತದ್ದನ್ನು ಹೇಗೆ ಉಳಿಸಿಕೊಳ್ಳುತ್ತೀ ಎಂದು ಒಬ್ಬರೂ ಕೇಳಲಿಲ್ಲ. ಮೂರು ತಿಂಗಳೊಳಗೆ ಮೂರು ಸಲ ತಾನೇ ಏರಿಸಿ ಇಳಿಸಿರದ ಪೈಲಟ್ ಜನರನ್ನು ಕೂರಿಸಿಕೊಳ್ಳುವಂತಿಲ್ಲ. ಏರಿಸಲು ಹೆಲಿಕಾಪ್ಟರ್ ಬಾಡಿಗೆಗೆ ಹಿಡಿಯಬೇಕು. ಆ ಬಾಡಿಗೆ ಹೇಗೆ ಏರಿತೆಂದರೆ, ಸುರಪುರದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಬಾಲಮ್ಮ ವರ್ಷವಿಡೀ ದುಡಿದದ್ದು ಒಂದು ತಾಸಿನ ಹಾರಾಟದಲ್ಲಿ ಕರಗುತ್ತಿತ್ತು. ನಾಯಕರ ತಲೆಯ ಮೇಲೆ ಹೂ ಸುರಿಯಲು ಹೆಲಿಕಾಪ್ಟರ್ ಒದಗಿಸುವ ನಾಡಿದು!

ಹೋದ ಚಳಿಗಾಲ ಗುತ್ತಿಗೆದಾರ ಭೀಮರಾಯ ಹಿರಿಯ ಮಗನ ಮದುವೆಗೆ ಹೆಲಿಕಾಪ್ಟರ್ ತರಿಸಿದ. ಬಾಲಮ್ಮ ಕಲಿತ ಮಾದರಿಯದೇ; ಹಾರಿಸಿಕೊಂಡು ಬಂದವನು ಬಾಡಿಗೆ ಕಂಪನಿಯ ಕ್ಯಾಪ್ಟನ್. ಕಾಲುವೆ ದಂಡೆಯ ಬಯಲಿನಲ್ಲಿ ಅದನ್ನು ಕಂಡವಳೇ ಅದರ ಸುತ್ತ ಒಂದು ಸುತ್ತು ಬಂದಳು.

"ಏನವಾ ಬಾಲಮ್ಮ, ಇವತ್ತ ನೀನೇ ಹಾರಸ್ಬೇಕು. ಕ್ಯಾಪ್ಟನ್ ಸಾಹೇಬ್ರು ಕೆಳಗಿರ್ಲಿ. ಮದುಮಕ್ಕಳು, ನಮ್ಮವ್ವ, ನೀನು. ಇಡೀ ಊರಿಗೇ ಇಜ್ಜತ್!" ಎಂದ ಭೀಮರಾಯ.

ಬಾಲಮ್ಮ ಹಾರದೆ ಆರು ತಿಂಗಳಾಗಿತ್ತು. ಇಂದು ಬಿಟ್ಟರೆ ಮತ್ತೆ ಯಾವಾಗಲೋ. ಆದರೂ ಆಗದೆಂದು ತಲೆಯಾಡಿಸಿದಳು.

"ನಾ ಕರೆಂಟ್ ಇಲ್ಲರಿ, ಸಾವ್ಕಾರ್ರ."

"ಕರೆಂಟ್ ಯಾಕ ಬೇಕು? ಇದು ಎಣ್ಣಿ ಮ್ಯಾಲ ಓಡ್ತದಲ್ಲ! ಬೇಕಂದ್ರ ಪೆಂಡಾಲಿನ ಜನರೇಟರ್ ತರಸ್ತೀನಿ!"

ನೆರೆದವರೆಲ್ಲ ಹೋ ಎಂದು ನಕ್ಕರು. ಬಾಲಮ್ಮನೂ ನಕ್ಕಳು.

"ಹಂಗಲ್ಲರಿ. ಹಾರಾಟದ ರೂಢಿ ಚಾಲೂ ಇದ್ದವ್ರಿಗೆ ನಮ್ಮಾಗ ಕರೆಂಟ್ ಅಂತಾರ. ಹೆಲಿಕಾಪ್ಟರ್ ಚಾಲೂ ಅದ, ನಾ ಚಾಲೂ ಇಲ್ಲ. ಕೈ ಜಡ್ಡುಗಟ್ಟ್ಯಾವ. ಮಂದೀನ ಕುಂಡ್ರಿಸ್ಕೊಂಡು ಹಾರ್ಸಂಗಿಲ್ಲ."

"ಇಲ್ಲಿ ಯಾರು ನೋಡಾಕ ಬರ್ತಾರ?"

"ನಾ ನೋಡಾಕತ್ತೀನಲ್ಲರಿ."

ಭೀಮರಾಯನ ಮುಖ ಗಂಟಿಕ್ಕಿತು. ಅಷ್ಟರಲ್ಲಿ ಅವನ ತಾಯಿ ಹಣಮಮ್ಮ, ರೇಷ್ಮೆ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದ ಮುದುಕಿ, ಬಾಯಿ ಹಾಕಿದಳು.

"ಲೇ ಭೀಮ್ಯಾ, ಆಕಿ ಅಪ್ಪ ನೀರ ಬಿಡೂಕಿಂತ ಮೊದ್ಲ ಗೇಟ ಖಾಲಿ ಏರ್ಸಿ ಇಳ್ಸಿ ನೋಡ್ತಿದ್ದಿಲ್ಲೇನು? ಆಕಿನೂ ಖಾಲಿ ಹಾರ್ಸಿ ನೋಡ್ಲಿ. ಆಕಿ ಚಾಲೂ ಆಗೂತನಕ ನಾ ಹತ್ತಂಗಿಲ್ಲ."

ಭೀಮರಾಯ ಯಾರಿಗೂ ಬಗ್ಗದವನು, ಅವ್ವನಿಗೆ ಬಗ್ಗಿದ. ಕ್ಯಾಪ್ಟನ್ ಹಾರಾಟ ಕಲಿಸುವ ಪರವಾನಗಿಯೂ ಉಳ್ಳವನು. ಬಾಲಮ್ಮನ ಪಕ್ಕದಲ್ಲಿ ಕೂತ. ಮೊದಲ ಸಲ ಯಂತ್ರ ತೂರಾಡುತ್ತ ಇಳಿಯಿತು. ಎರಡನೇ ಸಲ ನೆಟ್ಟಗೆ. ಮೂರನೇ ಸಲ ಹೂವಿನ ಬುಟ್ಟಿ ಇಳಿಸಿದಷ್ಟು ಹಗುರ. ಕ್ಯಾಪ್ಟನ್ ಅವಳ ಕೈ ಕುಲುಕಿ, ಇಳಿದು, ಬಾಗಿಲು ತೆರೆದು ನಿಂತ. ತನಗೆ ಕಾಗದ ಓದಲು ಬರದಿದ್ದರೂ ಮಗಳ ಇಳಿತ ಓದಲು ಬರುತ್ತದೆಂಬಂತೆ ಅಲ್ಲೇ ದಂಡೆಯ ಮೇಲೆ ಮೌನಪ್ಪ ಟವೆಲ್ ಬೀಸುತ್ತಿದ್ದ.

ಮದುಮಕ್ಕಳ ಜತೆ ಹತ್ತಿದ ಹಣಮಮ್ಮ ಕೇಳಿದಳು, "ಕರೆಂಟ್ ಬಂತೇನವಾ?"

"ಬಂತು ಆಯಿ."

"ಎಷ್ಟ ದಿನ ಇರ್ತದ?"

"ಮೂರ ತಿಂಗಳು."

ಮುದುಕಿ ಕೆಳಗೆ ನಿಂತ ಮಗನಿಗೆ ಕೂಗಿದಳು: "ಭೀಮ್ಯಾ, ಸಣ್ಣಾವಂದೂ ಲಗ್ನ ಜಲ್ದಿ ಮಾಡು!"