ಗೋಡೆಯಡಿಯ ಹಸಿರು ಹುಲ್ಲು

ತೊಂಬತ್ತೇಳರ ಜನವರಿಯ ಮೊದಲ ವಾರ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದಾಗ ನನ್ನ ಪೆಟ್ಟಿಗೆಯಲ್ಲಿ ಅಮ್ಮಿ ಕಟ್ಟಿಕೊಟ್ಟ ಲೋಬಾನದ ಪೊಟ್ಟಣವಿತ್ತು. ಜೇಬಿನಲ್ಲಿ ಅಕ್ಕನಿಗೂ ಅವಳ ಎಳೆಮಗು ಸಬಾಳಿಗೂ ತುಮಕೂರಿಗೆ ಮರಳಲು ಟಿಕೆಟ್ಟುಗಳಿದ್ದವು. ನ್ಯುಮೋನಿಯಾದಿಂದ ಬದುಕಿ ಬಂದ ಮಗುವನ್ನು ಆ ಚಳಿಯಲ್ಲಿ ಬಿಡಬೇಡ, ಕರೆದುಕೊಂಡೇ ಬಾ ಎಂದು ಅಮ್ಮಿ ಹೇಳಿ ಕಳಿಸಿದ್ದರು.

ರಾಟರ್‌ಡ್ಯಾಮಿನವರೆಗೆ ರೈಲು. ಕಾಲುವೆಗಳು ಹೆಪ್ಪುಗಟ್ಟಿದ್ದವು, ಮುದುಕರೂ ಮಕ್ಕಳೂ ಅಲಗಿನ ಬೂಟು ಹಾಕಿಕೊಂಡು ಅವುಗಳ ಮೇಲೆ ಜಾರುತ್ತಿದ್ದರು. ಅಲ್ಲಿಂದ ಮೆಟ್ರೊ ಹಿಡಿದು ಅಕ್ಕನ ಊರು ಕಾಪೆಲ್ಲೆ. ಸ್ಟೇಷನ್ನಿಗೆ ಬಂದಿದ್ದ ಭಾವ ನನ್ನ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದರು. ಹೆಂಡತಿ, ಮಗು ಹೊರಡುವ ದಿನ ಅವರಿಗೂ ಗೊತ್ತಿತ್ತು.

ಅವರದು ಇಟ್ಟಿಗೆಯ ಸಾಲುಮನೆ. ಕೆಳಗಿನ ಕೋಣೆಯ ಗಾಳಿಯನ್ನು ಗ್ಯಾಸ್ ಯಂತ್ರವೊಂದು ಎಳೆದು, ಕಾಯಿಸಿ, ನೆಲದಡಿ ಹಾಯ್ದ ತಗಡಿನ ಕೊಳವೆಗಳ ಮೂಲಕ ಮನೆಗೆಲ್ಲ ಊದುತ್ತಿತ್ತು. ಮಹಡಿಯಲ್ಲಿ, ಮಗುವಿನ ಕೋಣೆಯಲ್ಲಿ ಬಿಸಿಗಾಳಿ ಬರುವ ಜಾಲರಿಗೆ ಕೈಯೊಡ್ಡಿದೆ. ಬಂದದ್ದು ನಿದ್ದೆಯಲ್ಲಿರುವವರ ಉಸಿರಿನಷ್ಟು ಗಾಳಿ. ಸಬಾ ಟೋಪಿ, ಎರಡು ಸ್ವೆಟರುಗಳ ಒಳಗಿಂದ ಕೆಮ್ಮಿದಳು. ಯಂತ್ರ ನೋಡಲು ಬಂದವನು ಯಂತ್ರ ಸರಿಯಾಗಿದೆ ಎಂದು ಹೇಳಿ ಹೋಗಿದ್ದನಂತೆ.

"ಗ್ಯಾಸ್ ಉರೀತಾನೇ ಇರುತ್ತೆ. ಬಿಸಿ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ" ಎಂದರು ಭಾವ.

ಮರುದಿನ ಬೆಳಿಗ್ಗೆ ಅಕ್ಕ ಕೆಳಗಿನ ಕೋಣೆಯಲ್ಲಿ ಮಣ್ಣಿನ ಧೂಪದಾನಿಯಲ್ಲಿ ಕೆಂಡ ಮಾಡಿ ಲೋಬಾನ ಉದುರಿಸಿದಳು. ಮಗುವಿನ ಎದೆ ಇನ್ನೂ ಸರಿಯಾಗಿರಲಿಲ್ಲವಾದ್ದರಿಂದ ಹೊಗೆ ಹಿಡಿದದ್ದು ಅದರ ಬಟ್ಟೆಗಷ್ಟೇ. ಅತ್ತೆ ಕಳಿಸಿದ ಹೀಟರ್ ಇದೇನಾ ಎಂದು ಭಾವ ಕೆಣಕಿದರು. ತುಮಕೂರಿನ ನಮ್ಮ ಮನೆಯಲ್ಲಿ ಆ ಹೊಗೆ ಹೆಂಚಿನ ಸಂದಿಗಳಿಂದ ಹೋಗುತ್ತಿತ್ತು, ಹೋಗಲೆಂದೇ ಸಂದಿಗಳಿದ್ದವು. ಇಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ನಾನು ಹಿತ್ತಿಲಿಗೆ ಹೋದೆ.

ಹಿತ್ತಿಲೆಲ್ಲ ಇಬ್ಬನಿ ಗಟ್ಟಿಯಾಗಿ ಬೆಳ್ಳಗಿತ್ತು. ಗೋಡೆಯ ಬುಡದಲ್ಲಿ ಮಾತ್ರ ಮೊಳದಗಲದ ಹುಲ್ಲು ಹಸಿರಾಗಿ ಒದ್ದೆಯಾಗಿತ್ತು. ಬಗ್ಗಿದೆ. ಇಟ್ಟಿಗೆಗಳ ನಡುವೆ ನೆಲದಡಿಗೆಂದು ಬಿಟ್ಟ ಗಾಳಿಕಿಂಡಿಯಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಅದರಲ್ಲಿ ಲೋಬಾನದ ವಾಸನೆ. ಮಗು ನಡುಗುತ್ತಿದ್ದಾಗ ನಾವು ಹುಲ್ಲಿಗೆ ಶಾಖ ಕೊಡುತ್ತಿದ್ದೆವು.

ಭಾವನನ್ನು ಕರೆದೆ. ಅವರೂ ಮೂಸಿ ನೋಡಿ, ಒಳಗೆ ಹೋಗಿ, ಬಾಗಿಲ ಬಳಿಯ ಕಾಲೊರಸು ಸರಿಸಿ ಅದರಡಿಯ ಮರದ ಮುಚ್ಚಳ ಎತ್ತಿದರು. ಟಾರ್ಚ್ ಹಿಡಿದು ನೆಲದಡಿಗೆ ತೆವಳಿದರು. ಆ ಊರಿನ ನೆಲ ಮೆತ್ತಗೆ, ವರ್ಷವರ್ಷ ಕುಸಿಯುತ್ತದೆ. ಮಹಡಿಗೆ ಹೋಗುವ ಕೊಳವೆಯ ಆಧಾರ ಅದರ ಜೊತೆಗೇ ಇಳಿದು, ಕೊಳವೆ ಕೀಲಿನಲ್ಲಿ ಬಾಯಿಬಿಟ್ಟಿತ್ತು.

"ಅಮ್ಮಿಯ ಹೊಗೇನ ಇನ್ನು ತಮಾಷೆ ಮಾಡಲ್ಲ" ಎಂಬ ಭಾವನ ಮಾತು ನೆಲದಡಿಯಿಂದ ಕೇಳಿತು. ಅಕ್ಕ ನಗಲಿಲ್ಲ, ಮುಚ್ಚಳದ ಪಕ್ಕ ಕೂತು ಅತ್ತಳು.

ಕೊಳವೆಯನ್ನು ಎತ್ತಿ, ಆಧಾರ ಕೊಟ್ಟು, ಕೀಲುಗಳಿಗೆ ತಗಡಿನ ಟೇಪು ಸುತ್ತುವಷ್ಟರಲ್ಲಿ ಸಂಜೆಯಾಯಿತು. ಮಹಡಿಯ ಜಾಲರಿಯ ಗಾಳಿಗೆ ಪರದೆ ಅಲುಗಿತು. ಅಕ್ಕ ಮಗುವಿನ ಒಂದು ಸ್ವೆಟರ್ ಬಿಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಟೋಪಿಯನ್ನೂ.

ಮೂರನೆಯ ದಿನ ಅಕ್ಕ, ಕಟ್ಟಿದ್ದ ಸೂಟ್‌ಕೇಸಿನಿಂದ ಬಟ್ಟೆ ತೆಗೆಯುತ್ತ, "ನೀನೊಬ್ಬನೇ ಹೋಗೋ. ಅಮ್ಮಿಗೆ ನಾನೇ ಫೋನ್ ಮಾಡ್ತೀನಿ" ಎಂದಳು.

ಹೊರಟ ದಿನ ಬೆಳಿಗ್ಗೆ ಹಿತ್ತಿಲ ಬಾಗಿಲಿನಿಂದ ಒಮ್ಮೆ ತಿರುಗಿ ನೋಡಿದೆ. ಗೋಡೆಯ ಬುಡದವರೆಗೂ ಹುಲ್ಲು ಬೆಳ್ಳಗಾಗಿತ್ತು.