ಚೊಂಬಿನ ತಳ ಕಾಣುವ ತನಕ

ಬಾಣಂತಿಯಾಗಿದ್ದ ನನ್ನ ಹೆಂಡತಿ ಶೋಭಾ, ತಲೆಗೆ ಎರೆದ ಬಿಸಿನೀರನ್ನು ತನ್ನದೇ ಒದ್ದೆ ಕೂದಲಿನಿಂದ ಹೀರುವುದನ್ನು ನಾನು ಕಣ್ಣಾರೆ ಕಂಡೆ. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಕೂದಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಕಣ್ಣು ಮುಚ್ಚಿ, ಮಗು ಮೊಲೆ ಚೀಪುವ ಹಾಗೆ ಚೀಪುತ್ತಿದ್ದಳು. ನನ್ನ ಅಮ್ಮ ಕೂದಲನ್ನು ಹಿಡಿದೆಳೆದು ಬಿಡಿಸಿದಳು.

"ಮೈ ತೊಳೆದ ನೀರು ಕಣೇ ಅದು. ನಾಯಿ ಕೂಡ ಮೂಸಲ್ಲ."

ಮಾರನೆಯ ದಿನದಿಂದ ತಲೆಗೆ ಎರೆಯುವುದು ನಿಂತಿತು. ಕುತ್ತಿಗೆಯಿಂದ ಕೆಳಗೆ ಮಾತ್ರ ನೀರು.

ಇದನ್ನು ಓದುವ ನೀವೆಲ್ಲ ಮಾರಮ್ಮ ತಾಯಿಯನ್ನು ಮೊದಲಿನಿಂದ ನಂಬಿದವರು. ನಾನು ನಂಬಿದವನಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಎರಡು ಕೆಲಸ ಬಿಟ್ಟು, ಆಗ ಇಂದಿರಾನಗರದ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದೆ. ಹರಕೆ ಫಲಿಸಿತು ಎಂದು ಯಾರಾದರೂ ಹೇಳಿದರೆ, ಫಲಿಸದ ಹರಕೆಗಳ ಲೆಕ್ಕ ಎಲ್ಲಿ ಎಂದು ಕೇಳುವವನು. ಈಗಲೂ ಆ ಚಾಳಿ ಪೂರ್ತಿ ಹೋಗಿಲ್ಲ. ಅದಕ್ಕೇ, ನನಗೆ ಖಚಿತವಿಲ್ಲದ್ದು ಬಂದಾಗ ಖಚಿತವಿಲ್ಲ ಎಂದೇ ಬರೆಯುತ್ತೇನೆ. ತಾಯಿಯ ಹೆಸರಿನಲ್ಲಿ ಸುಳ್ಳು ಸೇರಬಾರದು.

೧೯೯೮ರ ಏಪ್ರಿಲ್. ರಾಮಮೂರ್ತಿ ನಗರದಲ್ಲಿ ಶೀಟಿನ ಮಾಡಿನ ಬಾಡಿಗೆ ಮನೆ. ಶೋಭಾಗೆ ತಾಯಿ ಇಲ್ಲದ್ದರಿಂದ ಬಾಣಂತನ ನಮ್ಮಲ್ಲೇ, ನನ್ನ ಅಮ್ಮನ ಕೈಯಲ್ಲೇ. ಹೆಣ್ಣು ಮಗು. ಹೆರಿಗೆ ನರ್ಸಿಂಗ್ ಹೋಮಿನಲ್ಲಿ ಆಗಿತ್ತು, ಹೊಲಿಗೆ ಹಾಕಿದ್ದರು. ಮನೆಗೆ ಬಂದ ಗಳಿಗೆಯಿಂದ ಶೋಭಾಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕೋಣೆಯ ಕಿಟಕಿಗೆ ಕಂಬಳಿ. ಮಂಚದ ಕೆಳಗೆ ಕೆಂಡದ ಬಾಣಲಿಯಲ್ಲಿ ಸಾಂಬ್ರಾಣಿ. ಊಟಕ್ಕೆ ಬಿಸಿ ಅನ್ನ, ತುಪ್ಪ, ಮೆಣಸಿನ ಪುಡಿ, ಹುರಿದ ಬೆಳ್ಳುಳ್ಳಿ.

ನೀರು ಮಾತ್ರ ಒಳಲೆಯಲ್ಲಿ. ಮಗುವಿಗೆ ಹಾಲು ಕುಡಿಸುವ ಆ ಪುಟ್ಟ ಬೆಳ್ಳಿಯ ಒಳಲೆಯಲ್ಲಿ, ಊಟವಾದ ಮೇಲೆ ಒಂದೇ ಒಂದು ಸಲ, ಜೀರಿಗೆ ಹಾಕಿ ಕುದಿಸಿದ ನೀರು. ಇಪ್ಪತ್ತಾರು ವರ್ಷದ ಹೆಂಗಸು ಬಾಯಿ ತೆರೆದು ಕಾಯುತ್ತಿದ್ದಳು, ಅಮ್ಮ ಮೂತಿಯಿಂದ ಹನಿಸುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ಟ್ಯಾಂಕರಿನಿಂದ ಹಿಡಿದ ಬಣ್ಣಬಣ್ಣದ ಬಿಂದಿಗೆಗಳು ತುಂಬಿ ನಿಂತಿರುತ್ತಿದ್ದವು. ಯಾರಾದರೂ ಲೋಟ ಮೊಗೆದರೆ ಆ ಸದ್ದು ಒಳಗಿನ ಮಂಚದವರೆಗೂ ಕೇಳುತ್ತಿತ್ತು.

"ನೀರು ಕುಡಿದ್ರೆ ಹೊಲಿಗೆ ಕೀವಾಗುತ್ತೆ, ಮೈ ಬಾತ್ಕೊಳುತ್ತೆ, ಸನ್ನಿ ಹಿಡಿಯುತ್ತೆ. ನಮ್ಮ ಲೀಲಾನ ನುಂಗಿದ್ದು ನೀರೇ," ಎನ್ನುತ್ತಿದ್ದಳು ಅಮ್ಮ.

ಲೀಲಕ್ಕ ನನ್ನ ದೊಡ್ಡ ಅಕ್ಕ. ನಾನು ಚಿಕ್ಕವನಿದ್ದಾಗ ನಮ್ಮ ವಿಮಾನಪುರದ ಮನೆಯಲ್ಲಿ, ಬಾಣಂತನದಲ್ಲೇ ತೀರಿಕೊಂಡಳು. ಅಳುತ್ತಾಳೆಂದು ಕರುಳು ತಡೆಯದೆ ತಾನೇ ಒಂದು ಚೊಂಬು ತಣ್ಣೀರು ಕೊಟ್ಟೆ, ಬೆಳಗಾಗುವುದರಲ್ಲಿ ಅವಳಿರಲಿಲ್ಲ ಎಂಬುದು ಅಮ್ಮ ಸದಾ ಹೇಳುತ್ತಿದ್ದ ಕಥೆ. ನನ್ನ ನೆನಪಿನಲ್ಲಿ ಇರುವುದು ಬೇರೆ. ಚಾಪೆಯ ಮೇಲೆ ಲೀಲಕ್ಕನ ಮುಖ, ತುಟಿಯಿಂದ ಬಿಳಿ ಸಿಪ್ಪೆ ಏಳುತ್ತಿತ್ತು. ಆದರೆ ಅಷ್ಟು ಚಿಕ್ಕವನ ನೆನಪಿಗೆ ಏನು ಬೆಲೆ? ಶೋಭಾಳ ತುಟಿ ನೋಡಿ ನೋಡಿ ಅದನ್ನೇ ಅಕ್ಕನ ಮುಖಕ್ಕೆ ಅಂಟಿಸಿಕೊಂಡಿರಬಹುದು.

ನೀವು ಕೇಳುತ್ತೀರಿ, ನೀನು ಗಂಡ, ನೀನೇ ಒಂದು ಲೋಟ ಕೊಡಬಾರದಿತ್ತೇ ಎಂದು. ಕೊಟ್ಟೆ. ಕ್ಲಾಸಿಗೆ ಒಯ್ಯುವ ಚೀಲದಲ್ಲಿ ಬಾಟಲಿ ಅಡಗಿಸಿ ಎರಡು ದಿನ ಕೊಟ್ಟೆ. ಮೂರನೆಯ ದಿನ ಅಮ್ಮನ ಕೈಗೆ ಒದ್ದೆ ದಿಂಬು ಸಿಕ್ಕಿತು. ಅವಳು ಕೂಗಾಡಲಿಲ್ಲ. ಶೋಭಾಳ ಕೈ ಹಿಡಿದು ತಂದು ಮಲಗಿದ್ದ ಮಗುವಿನ ನೆತ್ತಿಯ ಮೇಲೆ, ಆ ಮೆತ್ತಗೆ ಮಿಡಿಯುವ ಜಾಗದ ಮೇಲೆ ಇಟ್ಟಳು.

"ಹೇಳು. ಅತ್ತೆ ಕೊಟ್ಟಿದ್ದು ಬಿಟ್ಟು ಒಂದು ತೊಟ್ಟೂ ಕುಡಿಯಲ್ಲ ಅಂತ ಹೇಳು."

ಶೋಭಾ ಹೇಳಿದಳು.

ಆಮೇಲೆ ನಾನು ಬಾಟಲಿ ತಂದರೆ ಅವಳೇ ಮುಖ ತಿರುಗಿಸುತ್ತಿದ್ದಳು. ಇದೆಲ್ಲ ಮೂಢನಂಬಿಕೆ, ಆಣೆಗೂ ಮಗುವಿಗೂ ಸಂಬಂಧವಿಲ್ಲ ಎಂದು ಪಾಠ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿ ಇನ್ನೂ ಚುಚ್ಚುತ್ತದೆ.

"ಸಂಬಂಧ ಇಲ್ಲ ಅಂತ ನಿಮಗೆ ಗ್ಯಾರಂಟಿನಾ ರೀ? ನೂರಕ್ಕೆ ನೂರು?"

ನೂರಕ್ಕೆ ನೂರು ಎಂದು ನನ್ನ ಶಾಸ್ತ್ರ ಯಾವುದನ್ನೂ ಹೇಳುವುದಿಲ್ಲ. ಬಾಟಲಿಯನ್ನು ವಾಪಸು ಚೀಲಕ್ಕೆ ಹಾಕಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಹಾಲು ಇಳಿಯಲಿಲ್ಲ. ಮಗು ಬಾಯಿ ಹಾಕುವುದು, ಎಳೆಯುವುದು, ಬಿಟ್ಟು ಕಿರುಚುವುದು. ಕೊನೆಗೆ ಕಿರುಚುವುದನ್ನೂ ಬಿಟ್ಟು ನಿದ್ದೆ ಹೋಗುತ್ತಿತ್ತು. ಅಮ್ಮ ಅದಕ್ಕೆ ಸಕ್ಕರೆ ನೀರು ಹಾಕುತ್ತಿದ್ದಳು, ಅದೇ ಒಳಲೆಯಲ್ಲಿ. ಶೋಭಾ ಮಗುವಿನ ಗಂಟಲಿನ ಚಲನೆಯನ್ನೇ ನೋಡುತ್ತ ತಾನೂ ಉಗುಳು ನುಂಗುತ್ತಿದ್ದಳು. ಪಕ್ಕದ ಮನೆಯಾಕೆ ಬಂದವಳು ಮಂಚದ ಹತ್ತಿರ ನಿಂತು, "ಎದೆ ಇಷ್ಟಿದ್ದು ಏನು ಪ್ರಯೋಜನ, ಬರೀ ಷೋಕಿಗೆ," ಎಂದು ನಕ್ಕಳು. ಅಮ್ಮನೂ ನಕ್ಕಳು.

ಪುರುಡು ಕಳೆಯುವ ಹೊತ್ತಿಗೆ ಶೋಭಾಗೆ ಚಳಿ ಜ್ವರ. ಮೂತ್ರಕ್ಕೆ ಹೋದರೆ ಉರಿ, ಬಚ್ಚಲಿನಲ್ಲಿ ಗೋಡೆ ಹಿಡಿದು ನರಳುತ್ತಿದ್ದಳು. ಅವಳನ್ನೂ ಮಗುವನ್ನೂ ಆಟೋದಲ್ಲಿ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವನ್ನು ತೂಗಿ, ಹೊಟ್ಟೆಯ ಚರ್ಮ ಹಿಡಿದು ಬಿಟ್ಟು ನೋಡಿದರು. ಚರ್ಮ ಎದ್ದುನಿಂತು ನಿಧಾನವಾಗಿ ಇಳಿಯಿತು.

"ಎಷ್ಟು ನೀರು ಕುಡೀತಾರೆ ಇವರು?"

"ಬೇಕಾದಷ್ಟು ಕುಡೀತಾಳೆ ಡಾಕ್ಟ್ರೇ," ಎಂದಳು ಅಮ್ಮ.

ಶೋಭಾ ನೆಲ ನೋಡುತ್ತಿದ್ದಳು. "ಸುಳ್ಳು, ಒಳಲೆಯಲ್ಲಿ ಹನಿಸ್ತಾರೆ," ಎಂದೆ ನಾನು. ಡಾಕ್ಟರು ಅಮ್ಮನಿಗೆ ಚೆನ್ನಾಗಿ ಬೈದರು. ಸೋಂಕಿಗೆ ಮಾತ್ರೆ ಬರೆದರು. ಸಕ್ಕರೆ ನೀರು ನಿಲ್ಲಿಸಿ ಎಂದರು, ಮಗುವಿಗೆ ಡಬ್ಬಿ ಹಾಲು ಹೇಗೆ ಕಲಸಬೇಕೆಂದು ಹೇಳಿದರು. "ನಾಳೆ ತನ್ನಿ. ಹೀಗೇ ಇದ್ರೆ ಡ್ರಿಪ್ ಹಾಕಿ ಇಟ್ಕೋತೀವಿ. ಇಷ್ಟು ಚಿಕ್ಕ ಮಗು, ಏನೂ ಹೇಳೋಕಾಗಲ್ಲ."

ಹೊರಗೆ ಬಂದ ಮೇಲೆ ಅಮ್ಮ ಅಂದಳು, "ಲೀಲಾನ ನೋಡಿದೋರೂ ಡಾಕ್ಟ್ರೇ ಕಣೋ."

ಮಾತ್ರೆಯನ್ನೂ ಒಳಲೆಯ ನೀರಿನಲ್ಲೇ ನುಂಗಿಸಿದಳು. ಡಬ್ಬಿ ಹಾಲನ್ನು ಮಗು ಎರಡು ಗುಟುಕು ಕುಡಿದು ಕಕ್ಕಿತು. ಮಾರನೆಯ ಬೆಳಗ್ಗೆ ಜ್ವರ ಏರಿ ಶೋಭಾ ಏನೇನೋ ಬಡಬಡಿಸಿದಳು. ಅಮ್ಮನ ಸೆರಗು ಹಿಡಿದು, "ಅತ್ತೆ, ಆ ಕೆಂಪು ಬಿಂದಿಗೆ ನಂದು, ಕೊಡಿ," ಎಂದು ಕಿರುಚಿದಳು.

"ನೋಡು, ಸನ್ನಿ ಹಿಡೀತು. ಕದ್ದು ಕುಡಿದಿದ್ದಕ್ಕೆ," ಎಂದಳು ಅಮ್ಮ. ಮೈಲಿಗೆ ಕಳೆದಿತ್ತು, ಅಂದು ಶುಕ್ರವಾರ ಬೇರೆ. ಹಲಸೂರಿನ ಮಾರಮ್ಮನ ಗುಡಿಯಲ್ಲಿ ಶೋಭಾಗೆ ಕಟ್ಟಲು ದಾರ ತರಬೇಕು, ಅದು ಆದ ಮೇಲೆ ನಿನ್ನ ಡಾಕ್ಟರು ಎಂದು ಹಟ ಹಿಡಿದಳು. ಜಗಳಕ್ಕಿಂತ ಬೇಗ ಹೋಗಿಬರುವುದೇ ಮೇಲು ಎಂದು, ಪಕ್ಕದ ಮನೆಯಾಕೆಯನ್ನು ಕೂರಿಸಿ ಅಮ್ಮನ ಜೊತೆ ಬಸ್ಸು ಹತ್ತಿದೆ.

ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸು ತೆವಳುತ್ತಿತ್ತು. ನಿಂತೇ ಇದ್ದೆ. ಮುಂದಿನ ಸೀಟಿನಲ್ಲಿ ಒಬ್ಬಳು ತನ್ನ ಮಗನಿಗೆ ಬಾಟಲಿಯಿಂದ ನೀರು ಕುಡಿಸುತ್ತಿದ್ದಳು, ಅರ್ಧ ಅವನ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಆಗ ನನ್ನೊಳಗೆ ಒಂದು ಮಾತು ಎದ್ದಿತು. ಪ್ರಾರ್ಥನೆ ಎನ್ನಲು ಆಗ ನಾಚಿಕೆ. 'ನೀನು ಇದ್ದರೆ, ಶೋಭಾಗೆ ನೀರು ಕೊಡಿಸು. ನನ್ನ ಕೈಯಿಂದ ಅಲ್ಲ. ಅಮ್ಮನ ಕೈಯಿಂದ.' ಇಷ್ಟು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಚಿಕ್ಕ ಗುಡಿ. ಬಿಸಿಲಿನ ಕಾಲ, ತಾಯಿಗೆ ತಂಪು ಮಾಡುತ್ತಿದ್ದರು. ಕೊಡಗಟ್ಟಲೆ ನೀರು ಕಲ್ಲಿನ ಮೈಮೇಲೆ ಸುರಿದು, ಬೇವಿನೆಲೆ ಅರಿಸಿನದ ಜೊತೆ ಮೋರಿಗೆ ಹರಿಯುತ್ತಿತ್ತು. ಅಷ್ಟು ನೀರು ನೋಡಿ ನನಗೆ ಸಿಟ್ಟು ಬಂತು. ಪೂಜೆ ಮಾಡುತ್ತಿದ್ದಾಕೆ ಹಣೆತುಂಬ ಕುಂಕುಮದ ಮುದುಕಿ, ತಮಿಳು ಎಳೆಯುವ ಕನ್ನಡ. ಅಮ್ಮ ಕೈಮುಗಿದು, "ಬಾಣಂತಿ ಸೊಸೆಗೆ ಸನ್ನಿ ಹಿಡಿದಿದೆ ತಾಯಿ, ಒಂದು ದಾರ ಕೊಡಿ," ಎಂದಳು. ನೀರಿನ ವಿಷಯ ಅಮ್ಮ ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮುದುಕಿ ದಾರಕ್ಕೆ ಕೈ ಹಾಕಲಿಲ್ಲ. ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅಲ್ಲಿ ಒಬ್ಬಳು ನೀರು ನೀರು ಅಂತ ಕೇಳ್ತಾನೇ ಇದಾಳಲ್ಲಮ್ಮ. ಎಷ್ಟು ವರ್ಷ ಆಯ್ತು."

ಅಮ್ಮನ ಕೈ ಕೆಳಗಿಳಿಯಿತು.

ಮುದುಕಿ ಒಂದು ಹಿತ್ತಾಳೆ ಚೊಂಬಿನ ತುಂಬ ತೀರ್ಥ ತುಂಬಿ, ಮೇಲೆ ಬೇವಿನ ಸೊಪ್ಪು ಹಾಕಿ ಕೊಟ್ಟಳು. "ಬಾಣಂತೀಗೆ ನೀನೇ ಕುಡಿಸು. ತಳ ಕಾಣಬೇಕು. ಒಂದು ತೊಟ್ಟು ಉಳಿಸಬಾರದು. ಸಾಯಂಕಾಲ ಖಾಲಿ ಚೊಂಬು ತಂದು ಇನ್ನೊಂದು ತಗೊಂಡು ಹೋಗು."

"ಹಸಿ ಮೈ ಅವಳದು," ಎಂದಳು ಅಮ್ಮ.

"ಮಾರಮ್ಮನ ನೀರಿಗೆ ಹಸಿ ಮೈ ಒಣ ಮೈ ಉಂಟಾ? ಬೇಡ ಅಂದ್ರೆ ಇಲ್ಲೇ ಸುರಿ."

ತೀರ್ಥವನ್ನು ನೆಲಕ್ಕೆ ಸುರಿಯುವ ಹೆಂಗಸಲ್ಲ ನನ್ನ ಅಮ್ಮ. ವಾಪಸು ಬರುವಾಗ ಆಟೋ ಮಾಡಿದೆವು. ಪ್ರತಿ ಗುಂಡಿಗೂ ಚೊಂಬನ್ನು ಎದೆಗವಚಿಕೊಂಡಳು.

ಶೋಭಾಳನ್ನು ಎಬ್ಬಿಸಿ ಕೂರಿಸಿದೆ. ಅಮ್ಮ ಚೊಂಬನ್ನು ಅವಳ ಬಾಯಿಗೆ ಹಿಡಿದಳು. ಶೋಭಾ ಕುಡಿಯಲಿಲ್ಲ. ಇದು ಯಾವ ಪರೀಕ್ಷೆ ಎಂಬಂತೆ ಅತ್ತೆಯ ಮುಖ ನೋಡಿದಳು.

"ನೀವೇ ಕೊಡ್ತಿದೀರಾ ಅತ್ತೆ?"

"ನಾನೇ."

"ಪೂರ್ತಿನಾ?"

"ಪೂರ್ತಿ. ಕುಡಿ."

ಚೊಂಬಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕುಡಿದಳು. ಬೇವಿನ ಎಲೆ ತುಟಿಗೆ ಸಿಕ್ಕರೆ ಅದನ್ನೂ ಅಗಿದಳು. ಅಮ್ಮ ಚೊಂಬನ್ನು ಮೆಲ್ಲಗೆ ಮೇಲಕ್ಕೆ ಎತ್ತುತ್ತ ಹೋದಳು. ತಳ ಕಂಡಿತು. ಶೋಭಾ ಚೊಂಬಿನೊಳಕ್ಕೆ ಬೆರಳು ಹಾಕಿ ಒರೆಸಿ ನೆಕ್ಕಿದಳು.

ಆಮೇಲೆ ಮಗುವನ್ನೆತ್ತಿಕೊಂಡು ನರ್ಸಿಂಗ್ ಹೋಮಿಗೆ ಹೋದೆ. ಡಾಕ್ಟರು ಸಂಜೆಯವರೆಗೆ ಇಟ್ಟುಕೊಂಡು ನರ್ಸಿನ ಕೈಯಲ್ಲಿ ಸ್ವಲ್ಪ ಸ್ವಲ್ಪವೇ ಹಾಲು ಹಾಕಿಸಿದರು. ಡ್ರಿಪ್ ಇವತ್ತು ಬೇಡ, ಬೆಳಗ್ಗೆ ನೋಡೋಣ ಎಂದರು. ಅಷ್ಟರಲ್ಲಿ ಅಮ್ಮ ಒಬ್ಬಳೇ ಬಸ್ಸಿನಲ್ಲಿ ಹಲಸೂರಿಗೆ ಹೋಗಿ ಎರಡನೆಯ ಚೊಂಬು ತಂದಿದ್ದಳು. ಅದೂ ಖಾಲಿಯಾಯಿತು. ಬೆಳಗಾಗುವಾಗ ಶೋಭಾಳ ರವಿಕೆ ಒದ್ದೆ. ನಾನು ಬೆವರು ಎಂದುಕೊಂಡೆ. ಮಗು ಬಾಯಿ ಹಾಕಿತು, ಬಿಡಲಿಲ್ಲ, ಮೂಗಿನಲ್ಲಿ ಉಸಿರೆಳೆಯುತ್ತ ಕುಡಿಯಿತು. ಆಮೇಲೆ ತೇಗಿಸಲೆಂದು ಎತ್ತಿಕೊಂಡರೆ ನನ್ನ ಅಂಗಿಯ ಮೇಲೆಲ್ಲ ಉಚ್ಚೆ ಹೊಯ್ದಿತು. ಬೆಚ್ಚಗೆ, ಧಾರಾಳವಾಗಿ. ಯಾವ ಗುಡಿಯಲ್ಲೂ ಬಗ್ಗದ ನನ್ನ ತಲೆ ಬಗ್ಗಿದ್ದು ಆಗ.

ಮಾತ್ರೆಯೂ ಹೊಟ್ಟೆಗೆ ಹೋಗಿತ್ತು, ಡಾಕ್ಟರ ಕೈ ಕೂಡ ಇತ್ತು ಎಂದು ನನ್ನೊಳಗಿನ ಲೆಕ್ಕದವನು ಹೇಳುತ್ತಾನೆ. ಸರಿ. ಆದರೆ ನೀರು ಯಾವ ಮಾತ್ರೆಯಿಂದಲೂ ಬರಲಿಲ್ಲ. ನನ್ನಿಂದ, ಡಾಕ್ಟರಿಂದ ಆಗದ್ದು ಅದೊಂದೇ.

ಮುಂದಿನ ಸಲ ಡಾಕ್ಟರು, "ಈಗ ನೀರು ಕೊಡ್ತಿದೀರಲ್ಲ?" ಎಂದಾಗ ಅಮ್ಮ ತಲೆಯೆತ್ತಿ, "ನಾವು ಬಾಣಂತೀಗೆ ನೀರು ಕೊಡಲ್ಲ ಡಾಕ್ಟ್ರೇ. ತೀರ್ಥ ಕೊಡ್ತೀವಿ," ಎಂದಳು. ದಿನಾ ಹಲಸೂರಿಗೆ ಅಲೆಯುವುದು ಆಗದೆ, ಆಮೇಲೆ ಒಂದು ಉದ್ಧರಣೆ ತೀರ್ಥವನ್ನು ಆ ಕೆಂಪು ಬಿಂದಿಗೆಗೆ ಬೆರೆಸಿ ಬಿಂದಿಗೆಯನ್ನೇ ಶೋಭಾಳ ಮಂಚದ ಪಕ್ಕ ಇಟ್ಟಳು. ಒಳಲೆ ಮತ್ತೆ ಮಗುವಿನದಾಯಿತು.

ತಿಂಗಳು ಕಳೆದ ಮೇಲೆ ಚೊಂಬು ಹಿಂತಿರುಗಿಸಲು ಹೋದೆವು. ಮುದುಕಿ ಇರಲಿಲ್ಲ, ಬೇರೆ ಯಾರೋ ಪೂಜೆಗಿದ್ದರು. ಗುಡಿಯ ಕಟ್ಟೆಯ ಮೇಲೆ ಅಮ್ಮ ಕೂತಳು. ನನ್ನ ಕಡೆ ನೋಡದೆ ಹೇಳಿದಳು, "ಲೀಲಾ ಕೇಳಿದ್ಲು ಕಣೋ. ರಾತ್ರಿಯೆಲ್ಲ ಕೇಳಿದ್ಲು. ನಾನು ಕೊಡ್ಲಿಲ್ಲ."

ಅಷ್ಟೇ. ನೀರು ಕೊಡದ್ದರಿಂದ ಸತ್ತಳು ಎನ್ನುವುದಕ್ಕಿಂತ, ಕೊಟ್ಟಿದ್ದರಿಂದ ಸತ್ತಳು ಎನ್ನುವುದು ಅವಳಿಗೆ ಸಹಿಸಬಹುದಾದ ಮಾತಾಗಿತ್ತು. ಅದನ್ನು ಉಳಿಸಿಕೊಳ್ಳಲು ಇನ್ನೊಂದು ಬಾಣಂತಿಯನ್ನು ಒಣಗಿಸುತ್ತಿದ್ದಳು.

ನನ್ನ ಅನುಮಾನ ಇಲ್ಲಿದೆ, ಮುಚ್ಚಿಡುವುದಿಲ್ಲ. 'ಎಷ್ಟು ವರ್ಷ ಆಯ್ತು' ಎಂದು ಆ ಮುದುಕಿ ನಿಜವಾಗಿ ಅಂದಳೇ? ಅಥವಾ ಅಮ್ಮನ ಮಾತು ಕೇಳಿದ ಮೇಲೆ ನಾನೇ ಅದನ್ನು ಮುದುಕಿಯ ಬಾಯಿಗೆ ಹಾಕಿದೆನೇ? ಶೋಭಾ ಅಲ್ಲಿರಲಿಲ್ಲ. ಅಮ್ಮನನ್ನು ಒಮ್ಮೆ ಕೇಳಿದೆ, "ಅವಳು ಏನಂದಳೋ, ನನಗೆ ಕೇಳಿಸಬೇಕಾದ್ದು ಕೇಳಿಸ್ತು," ಎಂದಳು. ಈಗ ಅಮ್ಮನೂ ಇಲ್ಲ. ಎಷ್ಟು ಕೆದಕಿದರೂ ಆ ಒಂದು ವಾಕ್ಯ ನನ್ನ ಕೈಗೆ ಗಟ್ಟಿಯಾಗಿ ಸಿಗುವುದಿಲ್ಲ. ಅಮ್ಮನ ಕೈ ಕೆಳಗಿಳಿದದ್ದು ಮಾತ್ರ ಕಂಡಿದ್ದೇನೆ. ನಾನು ಬಸ್ಸಿನಲ್ಲಿ ಕೇಳಿದ್ದು ಒಬ್ಬಳಿಗೆ ನೀರು. ತಾಯಿ ಇಬ್ಬರಿಗೆ ಕೊಡಿಸಿದಳು. ಅದಕ್ಕಾಗಿ ಈ ಬರಹ, ಅದಕ್ಕಾಗಿ ನನ್ನ ಕೃತಜ್ಞತೆ.

ಚೊಂಬು ಹಿಂತಿರುಗಿಸಲು ಹೋಗಿ ಬಂದ ಆ ಸಂಜೆಯೇ ಅಮ್ಮ ಲೀಲಕ್ಕನ ಫೋಟೋದ ಮುಂದೆ ಒಂದು ದೊಡ್ಡ ಲೋಟ ತುಂಬ ತಣ್ಣೀರು ಇಟ್ಟಳು. ಬದುಕಿರುವವರೆಗೂ ದಿನಾ ಇಟ್ಟಳು. ಈಗ ನಾನು ಇಡುತ್ತೇನೆ. ಸಂಜೆಯ ಹೊತ್ತಿಗೆ ನೀರು ಒಂದು ಗೆರೆಯಷ್ಟು ಕಡಿಮೆಯಾಗಿರುತ್ತದೆ. ಆವಿಯಾಗುತ್ತದೆ, ಗೊತ್ತು. ಮತ್ತೆ ತುಂಬಿಸುತ್ತೇನೆ.