ಬೆನ್ನು ಮುಟ್ಟುವ ಆಟ

ಮೊನ್ನೆ ಕೆಂಪಾಪುರದ ನಮ್ಮ ಮನೆ ಮುಂದೆ ಕರೆಂಟಿನವರು ಬಂದು, ತಂತಿಗೆ ತಗಲುತ್ತಿದ್ದ ಅತ್ತಿಮರದ ಕೊಂಬೆಗಳನ್ನು ಕಡಿದು ಹಾಕಿದರು. ಹಸಿ ಸೊಪ್ಪು ಬಿಸಿಲಿಗೆ ಬಾಡುತ್ತ ಒಗರು ವಾಸನೆ ಬಿಟ್ಟಿದ್ದೇ ತಡ, ಕಾಫಿ ಲೋಟ ಹಿಡಿದವಳು ಹಾಗೇ ನಿಂತುಬಿಟ್ಟೆ. ಅದು ನನ್ನ ಗುಡ್ಲಿನ ವಾಸನೆ. ಗುಡ್ಲು ಎಂದರೆ ಈಗಿನ ಹುಡುಗಿಯರು ಕಣ್ಣು ಕಣ್ಣು ಬಿಡುತ್ತಾರೆ. ಹುಡುಗಿ ಮೈನೆರೆದಾಗ ಸೋದರಮಾವ ಅತ್ತಿ ಸೊಪ್ಪು ತಂದು ಪಡಸಾಲೆಯ ಮೂಲೆಯಲ್ಲಿ ಪುಟ್ಟ ಗುಡಿಸಲು ಕಟ್ಟುತ್ತಿದ್ದ. ಒಸಗೆ ಶಾಸ್ತ್ರ ಮಾಡಿ ತಲೆಗೆ ನೀರು ಹಾಕುವವರೆಗೆ ಅವಳು ಅದರೊಳಗೇ ಕೂತಿರಬೇಕು, ಯಾರೂ ಅವಳನ್ನು ಮುಟ್ಟುವಂತಿಲ್ಲ. ಮುಟ್ಟುವವರಿಲ್ಲದೆ ಬೆಳೆದ ನನಗೆ ಅದೇನು ದೊಡ್ಡ ಶಿಕ್ಷೆಯಾಗಬೇಕಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ನಾನು ಖೊಖೊ ಆಡಲು ಕಲಿತಿದ್ದೆ.

ನನಗೆ ಗುಡ್ಲು ಕಟ್ಟಿದ ಮನೆ ಇದ್ದದ್ದು ಯಲಹಂಕದ ಪಕ್ಕದ ಕೋಗಿಲಿನಲ್ಲಿ. ನನ್ನನ್ನು ಹೆತ್ತ ವರ್ಷವೇ ಅವ್ವ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾಗಿ ಬಾಗಲೂರಿಗೆ ಮನೆಅಳಿಯನಾಗಿ ಹೋದ. ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮ ನನ್ನನ್ನು ಇಟ್ಟುಕೊಂಡರು. ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಲಿಲ್ಲ, ಸುಳ್ಳು ಹೇಳಬಾರದು. ಆದರೆ ಆ ಮನೆಯಲ್ಲಿ ಮಾತೇ ಇರಲಿಲ್ಲ. ಮಕ್ಕಳಾಗಲಿಲ್ಲವೆಂಬ ಕೋಪಕ್ಕೆ ದೊಡ್ಡಪ್ಪ ಹೆಂಡತಿಯ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದ. ದ್ರಾಕ್ಷಿ ತೋಟದ ಶೆಡ್ಡಿನಲ್ಲೇ ಉಣ್ಣುತ್ತಿದ್ದ, ಅಲ್ಲೇ ಮಲಗುತ್ತಿದ್ದ. ದೊಡ್ಡಮ್ಮ ಮುದ್ದೆ ತೊಳಸುತ್ತಿದ್ದಳು, ಕೊಟ್ಟಿಗೆ ಗುಡಿಸುತ್ತಿದ್ದಳು, ಹೇಳಿಕೊಳ್ಳುವುದೇನಿದ್ದರೂ ಎಮ್ಮೆಗೆ ಹೇಳುತ್ತಿದ್ದಳು. ಇಂಥಲ್ಲಿ ಬೆಳೆದ ಮಗುವಿಗೆ ಮಾತು ಎಲ್ಲಿಂದ ಬರಬೇಕು? ಯಲಹಂಕದ ಶಾಲೆಗೆ ಸೇರಿದಾಗ ಹುಡುಗಿಯರು ನನಗೆ ಮೂಗಿ ಅಂತ ಹೆಸರಿಟ್ಟರು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಪಾಸು ಮಾಡಿದ್ದೇ ಹೆಚ್ಚು ಅನ್ನುವ ಹಾಗೆ ಒಂದೊಂದೇ ತರಗತಿ ದಾಟುತ್ತಿದ್ದೆ.

ಈಗ ಆಟಕ್ಕೆ ಪಠ್ಯೇತರ ಚಟುವಟಿಕೆ ಎನ್ನುತ್ತಾರೆ, ಫೀಸು ಕಟ್ಟಿಸಿಕೊಂಡು ಕಲಿಸುತ್ತಾರೆ. ಆಗ ನಮ್ಮೂರಲ್ಲಿ ಅದಕ್ಕಿದ್ದ ಹೆಸರು ಕುಣಿಯೋದು, ಅಷ್ಟೇ. ಡ್ರಿಲ್ ಮಾಡಿಸುತ್ತಿದ್ದ ಟೀಚರಮ್ಮ ಒಂದು ಸಂಜೆ, ಒಬ್ಬಳು ಕಡಿಮೆ ಬಿದ್ದಳೆಂದು ನನ್ನನ್ನು ಖೊಖೊ ಸಾಲಿನಲ್ಲಿ ಕೂರಿಸಿದರು. ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕಾಯಬೇಕು. ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ ‘ಖೋ’ ಅಂದಾಗ ಎದ್ದು ಓಡಬೇಕು, ನಮ್ಮ ಜಾಗದಲ್ಲಿ ಅವಳು ಕೂರುತ್ತಾಳೆ. ಸರೋಜ ಎಂಬ ಹುಡುಗಿ ನನ್ನ ಬೆನ್ನ ಮೇಲೆ ಅಂಗೈ ಇಟ್ಟು ಕೂಗಿದಳು ನೋಡಿ, ಅಯ್ಯೋ, ಅಳು ಉಕ್ಕಿ ಬಂತು. ನನ್ನನ್ನು ಹಾಗೆ ಮುಟ್ಟಿ ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಳುತ್ತಲೇ ಓಡಿದೆ. ಇನ್ನೊಬ್ಬಳ ಬೆನ್ನು ಮುಟ್ಟಿ ನಾನೂ ಕೂಗಲೇಬೇಕಿತ್ತು, ಕೂಗದಿದ್ದರೆ ಅವಳು ಏಳುವುದಿಲ್ಲ. ಕೂಗಿದೆ. ದಿನಾ ಸಂಜೆ ಹಾಗೆ ಕೂಗಿ ಕೂಗಿ ಕಟ್ಟಿದ್ದ ಗಂಟಲು ಬಿಟ್ಟಿತು. ಕೊನೆಗೊಂದು ದಿನ ತರಗತಿಯಲ್ಲಿ ಉತ್ತರ ಹೇಳಿದೆ. ಲೆಕ್ಕದ ಮೇಷ್ಟ್ರು ‘ಯಾರಮ್ಮ ಮಾತಾಡಿದ್ದು?’ ಅಂತ ತಬ್ಬಿಬ್ಬಾಗಿ ನೋಡಿದರು. ಆ ವರ್ಷ ಇಡೀ ತರಗತಿಗೆ ನಾನೇ ಮೊದಲು ಬಂದೆ.

ಹೆಬ್ಬಾಳದಲ್ಲಿ ಶಾಲೆಗಳ ಪಂದ್ಯವಿತ್ತು. ಅದರ ಹಿಂದಿನ ದಿನವೇ ನಾನು ದೊಡ್ಡವಳಾದೆ. ಮಾವ ಬಂದ, ಸೊಪ್ಪು ಬಂತು, ನಾನು ಗುಡ್ಲು ಸೇರಿದೆ. ದೊಡ್ಡಪ್ಪ ಅಂಗಳದಲ್ಲೇ ನಿಂತು, ‘ಇಸ್ಕೂಲು ಸಾಕು. ಓದಾಕ್ ಕಳ್ಸಿದ್ರೆ ಕುಣಿಯಾಕ್ ಕಲ್ತವ್ಳೆ. ಒಸಗೆ ಮುಗೀಲಿ, ಗಂಡು ನೋಡಾನ’ ಅಂದು ತೋಟಕ್ಕೆ ಹೋದ. ಪಂದ್ಯ ನನ್ನನ್ನು ಬಿಟ್ಟು ನಡೆಯಿತು. ಮಾರನೆಯ ದಿನ ಸರೋಜ ಬಂದು ದೂರದಲ್ಲೇ ನಿಂತು, ‘ಸೋತ್ವಿ ಕಣೇ. ನಿನ್ ಜಾಗದಲ್ಲಿ ಕೂತೋಳು ಏಳೋದೇ ಮರ್ತ್ಬಿಟ್ಳು’ ಅಂದಳು. ಅವಳು ಹೋದ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ.

ದೊಡ್ಡಮ್ಮ ಎಳ್ಳು ಬೆಲ್ಲದ ಚಿಗಳಿ ಉಂಡೆ, ಕೊಬ್ಬರಿ ತಂದು ಎಲೆಯ ಮೇಲೆ ಇಟ್ಟು ಅಲ್ಲೇ ಕೂತಳು. ಮುಟ್ಟುವಂತಿರಲಿಲ್ಲ, ಎದ್ದು ಹೋಗಲೂ ಅವಳಿಗೆ ಮನಸ್ಸಾಗಲಿಲ್ಲವೇನೋ. ‘ಅದೇನಮ್ಮಿ ಅಂತಾ ಆಟ?’ ಅಂದಳು. ಹೇಳಿದೆ. ‘ಬೆನ್ ಮಾಡ್ಕಂಡ್ ಕೂತಿರಾದಾ, ಯಾರಾನ ಬಂದು ಕರೆಯೋಗಂಟ?’

‘ಹೂಂ.’

‘ಅಯ್ಯೋ ನನ್ ಮಗ್ಳೆ, ನಾನೂ ಅದ್ನೇ ಆಡ್ತಾ ಇವ್ನಲ್ಲೇ, ಈ ಮನೆಗ್ ಬಂದಾಗಿಂದ!’

ಹಾಗಂದು ನಕ್ಕಳು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಂದಾಚೆಗೆ ಕೆಲಸ ಮುಗಿದದ್ದೇ ಬಂದು ಗುಡ್ಲಿನ ಮುಂದೆ ಕೂರುವಳು. ತವರಿನ ಸುದ್ದಿ, ಹುಡುಗಿಯಾಗಿದ್ದಾಗ ಕೆರೆಯಲ್ಲಿ ಈಜಿದ್ದು, ಹಾಡು, ಏನೆಲ್ಲ ಇತ್ತು ಆ ಹೆಂಗಸಿನ ಹತ್ತಿರ! ನಾವಿಬ್ಬರೂ ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡಿದ್ದೆವು, ಒಬ್ಬರನ್ನೊಬ್ಬರು ಕಂಡದ್ದು ಮಾತ್ರ ಆಗ.

ಒಸಗೆ ಮುಗಿದ ಬೆಳಿಗ್ಗೆ ದೊಡ್ಡಪ್ಪ ಎಂದಿನಂತೆ ಕಂಬ ನೋಡಿಕೊಂಡು ಹೇಳಿದ: ‘ಉಡ್ಗಿ ಇನ್ ಮನ್ಯಾಗಿರ್ಲಿ. ಒಳಗಿರೋರ್ಗೂ ಒಂದ್ ಜೊತೆ ಆಯ್ತದೆ.’

ದೊಡ್ಡಮ್ಮನಿಗೆ ಜೊತೆ ಬೇಕಿತ್ತು, ಅದು ಈಗ ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಹೂಂ ಅಂದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಅವಳು ಅಡುಗೆಮನೆಯಿಂದ ಹೊರಗೆ ಬಂದು ಗಂಡನ ಎದುರಿಗೇ ನಿಂತಳು. ‘ನಂಗ್ ಜೊತೆ ಬ್ಯಾಡ. ಅವ್ಳು ಇಸ್ಕೂಲ್ಗೋಯ್ತಾಳೆ. ಆಟಾನೂ ಆಡ್ತಾಳೆ.’

‘ಊರೋರು ನಗಾಕಿಲ್ವಾ?’

‘ನಗ್ಲಿ ಬುಡು. ಈ ಮನ್ಯಾಗಂತೂ ನಗೋರಿಲ್ಲ.’

ದೊಡ್ಡಪ್ಪ ಅವಳ ಮುಖವನ್ನೇ ನೋಡಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದ. ನಾನು ಶಾಲೆಗೆ ಹೋದೆ.

ಮುಂದೆ ಎಸ್ಸೆಸ್ಸೆಲ್ಸಿ ಪಾಸಾದಾಗ ‘ನಮ್ಮುಡ್ಗಿ’ ಅಂತ ಊರಿಗೆಲ್ಲ ಸಕ್ಕರೆ ಹಂಚಿದವನು ಅದೇ ದೊಡ್ಡಪ್ಪ. ದೊಡ್ಡಮ್ಮನಿಗೆ ಯಾರೂ ಒಂದು ಒಳ್ಳೆ ಮಾತೂ ಹೇಳಲಿಲ್ಲ. ಟೀಚರ್ ಟ್ರೈನಿಂಗಿಗೆ ಪಟ್ಟಣದ ಹಾಸ್ಟೆಲಿಗೆ ಹೊರಟ ದಿನ ಅವಳು ಯಲಹಂಕದವರೆಗೂ ನಡೆದು ಬಂದಳು. ಬಸ್ಸು ಬರುವ ತನಕ ನನ್ನ ಜಡೆ ಬಿಚ್ಚಿ ಹೆಣೆದು, ಮತ್ತೆ ಬಿಚ್ಚಿ ಹೆಣೆದು ಮಾಡುತ್ತಿದ್ದಳು. ಬಸ್ಸು ಬಂದಾಗ, ‘ನನ್ ಚಿಂತೆ ಮಾಡ್ಬ್ಯಾಡ, ಓಗು’ ಅಂದಳು.

ಆ ಚಳಿಗಾಲದಲ್ಲೇ ಅವಳು ಹೋದಳು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಆಮೇಲೆ ಮನೆ ಹೋಯಿತು, ತೋಟ ಹೋಯಿತು, ಈಗ ಅಲ್ಲಿ ಸಾಲು ಸಾಲು ಬಿಲ್ಡಿಂಗು. ನಿಮಗೂ ಇಂಥದ್ದೊಂದು ಮನೆ, ಇಂಥದ್ದೊಂದು ಜೀವ ಇದ್ದಿರಬಹುದು. ನಾನು ನಿವೃತ್ತಿಯಾದ ದಿನ ಹಾರ ಹಾಕಿ, ಎಷ್ಟು ಮಕ್ಕಳನ್ನು ಮುಂದೆ ತಂದಿರಿ ಅಂತ ಹೊಗಳಿದರು. ಕೇಳುತ್ತ ಕೂತ ನನಗೆ ಯಲಹಂಕದ ಆ ಬಸ್ಸೇ ಕಣ್ಣ ಮುಂದೆ. ಆ ಮನೆಯಲ್ಲಿ ದೊಡ್ಡಮ್ಮನ ಜೊತೆ ಮಾತಾಡುತ್ತಿದ್ದವಳು ನಾನೊಬ್ಬಳೇ. ಆ ಒಬ್ಬಳನ್ನೂ ಅವಳೇ ಕೈಯಾರೆ ಬಸ್ಸು ಹತ್ತಿಸಿ ಕಳಿಸಿದಳು.